‘ಆಲ್ಬಮ್‌ನಿಂದ ಫೋಟೊ ಕಿತ್ತು ಸ್ಕ್ಯಾನ್ ಮಾಡಬೇಕಾ?’

ಮನೆಯ ಹಳೇ ಆಲ್ಬಮ್‌ಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟವರು ಮೊದಲು ಕೇಳುವುದು ಇದನ್ನೇ: ಫೋಟೊಗಳನ್ನು ಪುಟದಿಂದ ಬಿಡಿಸಿ ಒಂದೊಂದಾಗಿ ಸ್ಕ್ಯಾನ್ ಮಾಡಬೇಕಾ, ಇದ್ದ ಹಾಗೇ ಮಾಡಬಹುದಾ? ಕೇಳುವವರು ತುಮಕೂರಿನವರಾಗಲಿ, ಚಿಂತಾಮಣಿಯವರಾಗಲಿ, ನನ್ನ ಉತ್ತರ ಬದಲಾಗುವುದಿಲ್ಲ. ತಾನಾಗಿ ಎದ್ದು ಬರುವುದನ್ನು ಎತ್ತಿ. ಉಗುರು ಹಾಕಬೇಕು ಅನ್ನಿಸಿದ ಕೂಡಲೇ ಕೈ ತೆಗೆಯಿರಿ.

ಹರಿದರೆ ಈಗಿನ ಆ್ಯಪ್‌ಗಳು ಸರಿಮಾಡಿಕೊಡುತ್ತವಲ್ಲ ಅನ್ನುವವರಿದ್ದಾರೆ. ಅಂಚು ಹರಿದರೆ, ಗೀರು ಬಿದ್ದರೆ ಮಾಡಿಕೊಡುತ್ತವೆ, ನಿಜ. ಮುಖದ ಮೇಲಿನ ಪದರವೇ ಕಿತ್ತು ಬಂದಿದ್ದರೆ ಆ್ಯಪ್ ತುಂಬುವ ಮೂಗು, ಕಣ್ಣು ನಿಮ್ಮ ಅಜ್ಜಿಯದಲ್ಲ. ಅದು ಊಹೆ.

ಕೀಳಬೇಡಿ ಅನ್ನಲು ಇನ್ನೊಂದು ಕಾರಣ ಇದೆ. ಯಾವ ಫೋಟೊದ ಪಕ್ಕ ಯಾವುದು ಅಂಟಿತ್ತು, ಯಾವ ಪುಟದಿಂದ ಮದುವೆ ಮುಗಿದು ನಾಮಕರಣ ಶುರುವಾಯಿತು ಅನ್ನುವ ಕ್ರಮ ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಏನನ್ನೂ ಮುಟ್ಟುವ ಮುಂಚೆ ರಟ್ಟಿನಿಂದ ರಟ್ಟಿನವರೆಗೆ ಪ್ರತಿ ಪುಟದ ಚಿತ್ರ ಮೊಬೈಲಿನಲ್ಲಿ ತೆಗೆಯಿರಿ. ಖಾಲಿ ಪುಟದ್ದೂ ಬೇಕು. ಫೋಟೊ ಉದುರಿಹೋದ ಜಾಗದಲ್ಲೂ ಪೆನ್ಸಿಲಿನಲ್ಲಿ ಹೆಸರು ಉಳಿದಿರುತ್ತದೆ.

ಕಪ್ಪು ಕಾಗದದ ಆಲ್ಬಮ್‌ಗಳು ಅಷ್ಟು ಕಾಟ ಕೊಡುವುದಿಲ್ಲ. ತ್ರಿಕೋನದ ಮೂಲೆಗಳಿಗೆ ಸಿಕ್ಕಿಸಿದ್ದರೆ ಫೋಟೊವನ್ನು ಬಾಗಿಸದೆ ಮೆಲ್ಲಗೆ ಜಾರಿಸಿ ಹೊರಗೆ ತೆಗೆಯಬಹುದು. ಮೈದಾ ಸರಿಯಲ್ಲೋ ಗೋಂದಿನಲ್ಲೋ ಅಂಟಿಸಿದ್ದರೆ ಪುಟದ ಸಮೇತ ಸ್ಕ್ಯಾನ್ ಮಾಡಿ. ತಲೆನೋವು ಇರುವುದು 1970ರ ದಶಕದಿಂದ ಈಚೆಗೆ ಮನೆಮನೆಗೆ ಬಂದ ಅಂಟು ಆಲ್ಬಮ್‌ಗಳಲ್ಲಿ. ದಪ್ಪ ರಟ್ಟು, ಅದರ ಮೇಲೆ ಗೆರೆಗೆರೆಯಾಗಿ ಅಂಟು, ಮೇಲೊಂದು ಪ್ಲಾಸ್ಟಿಕ್ ಹಾಳೆ. ಆ ಅಂಟು ಕಾಲ ಕಳೆದಂತೆ ಹಳದಿಗಟ್ಟುತ್ತದೆ. ಕೆಲವು ಕಡೆ ಒಣಗಿ ಫೋಟೊ ಉದುರಿಸಿಬಿಡುತ್ತದೆ, ಕೆಲವು ಕಡೆ ಸಿಮೆಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಒಂದೇ ಪುಟದಲ್ಲಿ ಎರಡೂ ಇರುವುದುಂಟು.

ಮೊದಲು ಪ್ಲಾಸ್ಟಿಕ್ ಹಾಳೆ ಬಿಡಿಸಬೇಕು. ನೆಟ್ಟಗೆ ಮೇಲಕ್ಕೆ ಎಳೆಯಬೇಡಿ, ಹಿಂದಕ್ಕೆ ಮಡಚಿ ಪುಟಕ್ಕೆ ತಾಗಿದಂತೆ ನಿಧಾನವಾಗಿ ಸುಲಿಯುತ್ತಾ ಹೋಗಿ. ಎಲ್ಲಾದರೂ ನೀರು ಬಿದ್ದಂತೆ ಕಪ್ಪಾದ, ಹೊಳೆಯುವ ಕಲೆ ಕಂಡರೆ ಅಲ್ಲಿ ಪ್ಲಾಸ್ಟಿಕ್ ಚಿತ್ರಕ್ಕೇ ಹತ್ತಿಕೊಂಡಿದೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ ಹಾಳೆಯ ಮೇಲಿಂದಲೇ ಸ್ಕ್ಯಾನ್ ಮಾಡಿ. ಹಾಳೆ ಸಲೀಸಾಗಿ ಬಂದರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುವ, ಹಲ್ಲುಸಂದಿಗೆ ಹಾಕುವ ಡೆಂಟಲ್ ಫ್ಲಾಸ್ ದಾರ ತನ್ನಿ, ಮೇಣ ಹಚ್ಚದ್ದು. ಎರಡು ಗೇಣು ದಾರವನ್ನು ಎರಡೂ ಕೈಬೆರಳಿಗೆ ಸುತ್ತಿ, ಒಂದು ಮೂಲೆಯಿಂದ ಫೋಟೊದ ಅಡಿಗೆ ತೂರಿಸಿ, ಗರಗಸ ಎಳೆದ ಹಾಗೆ ಆ ಕಡೆ ಈ ಕಡೆ ಆಡಿಸುತ್ತಾ ಒಳಕ್ಕೆ ಹೋಗಿ. ಬಾಗಬೇಕಾದದ್ದು ಆಲ್ಬಮ್ಮಿನ ಪುಟ, ಫೋಟೊ ಅಲ್ಲ. ಫೋಟೊ ಬಾಗಿದರೆ ಚಿತ್ರದ ಪದರ ಬಿರುಕು ಬಿಡುತ್ತದೆ. ದಾರ ನಡುವೆ ಸಿಕ್ಕಿಕೊಂಡರೆ ಎದುರು ಮೂಲೆಯಿಂದ ನೋಡಿ. ಅಲ್ಲೂ ಬಿಡದಿದ್ದರೆ ಅದು ಅಲ್ಲೇ ಇರಲಿ. ಫ್ರಿಜ್ಜಿನಲ್ಲಿ ಇಟ್ಟು ತೆಗೆದರೆ ಬಿಡುತ್ತದೆ ಅನ್ನುವ ಉಪಾಯ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿರುತ್ತದೆ. ಹೊರಗೆ ತೆಗೆದ ತಕ್ಷಣ ಫೋಟೊ ಮೇಲೆ ಇಬ್ಬನಿಯ ಹಾಗೆ ನೀರು ಕೂರುತ್ತದೆ, ಚಿತ್ರದ ಪದರ ಇರುವುದೇ ಜೆಲಟಿನ್ ಅನ್ನುವ ಅಂಟುಪದಾರ್ಥದಿಂದ, ನೀರು ತಾಗಿದರೆ ಉಬ್ಬಿ ಅಂಟಾಗುತ್ತದೆ. ಬೇಡ.

ಧೂಳನ್ನು ಬಟ್ಟೆಯಲ್ಲಿ ಒರೆಸಬೇಡಿ. ಕೋಲಾರದ ಕಡೆಯ ಕೆಂಪು ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಒರೆಸಿದರೆ ಗೀರು ಖಂಡಿತ. ಮೆತ್ತನೆಯ ಬ್ರಷ್ ಸಾಕು. ಕೈ ತೊಳೆದು ಒಣಗಿಸಿಕೊಳ್ಳಿ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ.

ಇನ್ನು ಯಂತ್ರದ ಮಾತು. ಮನೆಯ ಪ್ರಿಂಟರಿನ ಮೇಲಿರುವ ಸ್ಕ್ಯಾನರ್, ಕ್ಯಾನನ್ ಲೈಡ್‌ನಂಥ ತೆಳು ಸ್ಕ್ಯಾನರ್, ಇವೆಲ್ಲ ಹೆಚ್ಚಾಗಿ ಸಿಐಎಸ್, ಅಂದರೆ ಗಾಜಿಗೆ ತೀರ ಹತ್ತಿರದಿಂದ ಓದುವ ಜಾತಿಯವು. ಗಾಜಿಗೆ ಒತ್ತಿಕೊಂಡದ್ದು ಮಾತ್ರ ಅವಕ್ಕೆ ಸ್ಪಷ್ಟ. ಎರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಬಿಡಿ ಫೋಟೊಗಳಿಗೆ ಇವು ಧಾರಾಳ ಸಾಕು. ಉಬ್ಬುತಗ್ಗಿನ ಪುಟ, ಕಟ್ಟು ಹಾಕಿಸಿದ ಫೋಟೊ ಆದರೆ ಎಪ್ಸನ್ ವಿ600 ತರಹದ, ಗಾಜಿನಿಂದ ತುಸು ಮೇಲಿರುವುದನ್ನೂ ಸ್ಪಷ್ಟವಾಗಿ ಹಿಡಿಯುವ ಸಿಸಿಡಿ ಸ್ಕ್ಯಾನರ್ ಬೇಕು, ಇಲ್ಲವೇ ಮೊಬೈಲೇ ವಾಸಿ. ನೆಗೆಟಿವ್‌ಗಳಿಗೆ ಮುಚ್ಚಳದಲ್ಲೂ ದೀಪ ಇರುವ ಸ್ಕ್ಯಾನರೇ ಆಗಬೇಕು.

ಪೋಸ್ಟ್‌ಕಾರ್ಡ್ ಅಳತೆಯ, ಅಂದರೆ ನಾಲ್ಕು ಇಂಚು ಆರು ಇಂಚಿನ ಫೋಟೊಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕಿ ಇಡಿ. 2400ಕ್ಕೆ 3600 ಚುಕ್ಕಿ ಸಿಗುತ್ತದೆ, ಎರಡರಷ್ಟು ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿದರೂ ಒಡೆಯುವುದಿಲ್ಲ. ಡಬ್ಬಿ ಕ್ಯಾಮೆರಾದ ಎರಡೂಕಾಲು ಇಂಚಿನ ಪುಟ್ಟ ಫೋಟೊ, ಪಾಸ್‌ಪೋರ್ಟ್ ಅಳತೆಯದು ಇದ್ದರೆ 1200. ಚಿತ್ರದ ಗುಣಮಟ್ಟ ಕುಗ್ಗಿಸದ ಟಿಫ್ ಫೈಲಿನಲ್ಲಿ ಉಳಿಸಿದರೆ 600ರ ಒಂದು ಫೋಟೊ ಸುಮಾರು 26 ಎಂಬಿ. 160 ಫೋಟೊದ ಆಲ್ಬಮ್ ಅಂದರೆ ನಾಲ್ಕು ಜಿಬಿ ಚಿಲ್ಲರೆ, ಇವತ್ತಿಗೆ ಅದೇನು ಹೊರೆಯಲ್ಲ. ಬಣ್ಣ ಸರಿಮಾಡುವುದು, ಧೂಳು ತೆಗೆಯುವುದು ಅಂತ ಸ್ಕ್ಯಾನರಿನಲ್ಲಿ ತಾನೇ ಟಿಕ್ ಆಗಿರುವುದನ್ನೆಲ್ಲ ತೆಗೆದುಬಿಡಿ. ಕಪ್ಪುಬಿಳುಪು ಫೋಟೊವನ್ನೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಕಲೆ ಯಾವುದು ನೆರಳು ಯಾವುದು ಅಂತ ಆಮೇಲೆ ಬೇರೆ ಮಾಡಲು ಬರುತ್ತದೆ. 70–80ರ ದಶಕದ ಕಲರ್ ಫೋಟೊಗಳು ಕೆಂಪಡರಿರುವುದು ಅವುಗಳೊಳಗಿನ ನೀಲಿಹಸಿರು ಬಣ್ಣ ಕತ್ತಲಲ್ಲಿಟ್ಟರೂ ಬೇಗ ಮಾಸುವುದರಿಂದ. ಮೂಲ ಫೈಲನ್ನು ಹಾಗೇ ಇಟ್ಟು, ನಕಲಿನಲ್ಲಿ ಕೆಂಪು, ಹಸಿರು, ನೀಲಿಯ ಲೆವೆಲ್‌ಗಳನ್ನು ಬೇರೆಬೇರೆಯಾಗಿ ತಿದ್ದಿದರೆ ಸೀರೆಯ ಬಣ್ಣ ಎಷ್ಟೋ ವಾಪಸು ಬರುತ್ತದೆ. ಜೆರಾಕ್ಸ್ ಅಂಗಡಿಗೆ ಕೊಡುವುದಾದರೆ ‘ಸ್ಕ್ಯಾನ್ ಮಾಡಿ’ ಅಂದಷ್ಟೇ ಹೇಳಬೇಡಿ. ಎಲ್ಲವನ್ನೂ ಸೇರಿಸಿ ಒಂದು ಪಿಡಿಎಫ್ ಕೊಟ್ಟುಬಿಡುತ್ತಾರೆ. ‘600 ಡಿಪಿಐ, ಕಲರ್, ಒಂದು ಫೋಟೊಗೆ ಒಂದು ಫೈಲ್, ಹಿಂಬದಿಯದೂ ಬೇಕು’ ಅನ್ನಿ.

ನಡುಮನೆಯ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ತಾತ, ಅಜ್ಜಿಯರ ಫೋಟೊ ಬೇರೆಯೇ ಕಥೆ. ಮಳೆಗಾಲದಲ್ಲಿ ಗೋಡೆ ತೇವ ಹೀರಿ ಜೆಲಟಿನ್ ಗಾಜಿಗೆ ಅಂಟಿಕೊಂಡಿರುತ್ತದೆ. ಹಿಂದಿನ ಮೊಳೆ ಕಿತ್ತು ಗಾಜಿನಿಂದ ಎಳೆದಿರೋ, ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಮೇಲಿನ ಗಂಧ, ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ನೀರನ್ನು ನೇರ ಚಿಮುಕಿಸಿದರೆ ಕಟ್ಟಿನ ಅಂಚಿನಿಂದ ಒಳಗಿಳಿಯುತ್ತದೆ, ಕೈಬಣ್ಣ ಹಾಕಿದ ಫೋಟೊ ಆಗಿದ್ದರೆ ಬಣ್ಣ ಅಲ್ಲೇ ಕದಡಿತು. ಆಮೇಲೆ ಫೋಟೊವನ್ನು ಜಗಲಿಗೆ ತಂದು, ಬಿಸಿಲು ನೇರ ಬೀಳದ ಕಡೆ, ಬೆಳಕು ಪಕ್ಕದಿಂದ ಬರುವಂತೆ ನೆಲದ ಮೇಲೆ ಮಲಗಿಸಿ. ಫ್ಲ್ಯಾಶ್ ಬೇಡ. ಇಬ್ಬರು ಒಂದು ಕಪ್ಪು ಬಟ್ಟೆಯನ್ನು ಮೊಬೈಲಿನ ಹಿಂದೆ ಹಿಡಿದು ನಿಂತರೆ ಗಾಜಿನಲ್ಲಿ ನಿಮ್ಮ ಮುಖವೂ ಚಾವಣಿಯೂ ಕಾಣುವುದಿಲ್ಲ. ಹತ್ತಿರ ಹೋಗದೆ ಎರಡು ಅಡಿ ದೂರದಿಂದ ಎರಡು ಪಟ್ಟು ಜೂಮ್ ಹಾಕಿ, ಎರಡು ಸೆಕೆಂಡಿನ ಟೈಮರ್ ಇಟ್ಟು ತೆಗೆಯಿರಿ. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ.

ಇಷ್ಟೆಲ್ಲ ಮಾಡಿಯೂ ಮುಖಗಳಿಗೆ ಹೆಸರಿಲ್ಲದಿದ್ದರೆ ಕೆಲಸ ಅರ್ಧಕ್ಕೆ ನಿಂತ ಹಾಗೆ. ಹೆಸರು ಬರೆಯುವಾಗ ಎಲ್ಲರೂ ಎಡವುವುದು ಒಂದೇ ಕಡೆ: ‘ದೊಡ್ಡಪ್ಪ’, ‘ಸಣ್ಣತ್ತೆ’, ‘ತಿಪಟೂರು ಮಾವ’ ಅಂತ ಬರೆದಿಡುತ್ತಾರೆ. ಯಾರ ದೊಡ್ಡಪ್ಪ? ಬರೆದವರು ಹೋದ ಮೇಲೆ ಆ ಮಾತಿಗೆ ಅರ್ಥವೇ ಇಲ್ಲ. ಹೆಸರೊಂದೇ ಇದ್ದರೂ ಸಾಲದು. ಕೋಲಾರದ ಕಡೆ ಒಂದೇ ವಂಶದಲ್ಲಿ ಮೂವರು ಮುನಿಯಪ್ಪ, ತುಮಕೂರಿನ ಕಡೆ ನಾಲ್ವರು ಗಂಗಮ್ಮ ಇರುವುದು ಹೊಸದೇನಲ್ಲ. ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಈ ಮೂರೂ ಇರಲಿ. ಎಡದಿಂದ ಬಲಕ್ಕೆ, ಹಿಂದಿನ ಸಾಲು, ಮುಂದಿನ ಸಾಲು ಅಂತ ಬಿಡಿಸಿ ಬರೆಯಿರಿ.

ಮದುವೆ ಆಲ್ಬಮ್‌ನಲ್ಲಿ ಯಾರು ಯಾರು ಅಂತ ತಿಳಿಯದಿದ್ದಾಗ ಎರಡು ವಸ್ತು ಹುಡುಕಿ. ಒಂದು, ಮುಯ್ಯಿ ಬರೆದ ಪುಸ್ತಕ. ಆ ದಿನ ಬಂದವರ ಹೆಸರು ಊರು ಸಮೇತ ಅದರಲ್ಲಿದೆ. ಹಿರಿಯರ ಮುಂದೆ ಆಲ್ಬಮ್ ಇಟ್ಟು ‘ಇವರು ಯಾರು?’ ಅಂತ ಕೇಳಿದರೆ ನೆನಪಾಗದ್ದು, ಮುಯ್ಯಿ ಪಟ್ಟಿಯ ಒಂದೊಂದು ಹೆಸರು ಓದುತ್ತಾ ಹೋದರೆ ‘ಅಯ್ಯೋ, ಅವರೇ ಕಣೋ ಇದು, ಪೇಟ ಸುತ್ತಿರೋರು’ ಅಂತ ಬರುತ್ತದೆ. ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟು ಕೇಳಿ, ಪುಟದ ಸಂಖ್ಯೆಯನ್ನು ಜೋರಾಗಿ ಹೇಳಿ. ಪಟ್ಟಿಯಲ್ಲಿ ಆಣೆ ಲೆಕ್ಕ ಇದ್ದರೆ ಆ ಮದುವೆ ನಯಾಪೈಸೆ ಬಂದ 1957ಕ್ಕೆ ಮುಂಚಿನದು, ಅಥವಾ ಅದರ ಆಸುಪಾಸಿನದು. ಇನ್ನೊಂದು, ಲಗ್ನಪತ್ರಿಕೆ. ಇಸವಿ ಹರಿದುಹೋಗಿದ್ದರೂ ಸಂವತ್ಸರ ಉಳಿದಿರುತ್ತದೆ. ಅರವತ್ತು ವರ್ಷಕ್ಕೊಮ್ಮೆ ಬರುವ ಹೆಸರಾದ್ದರಿಂದ ವಿಕಾರಿ ಅಂದರೆ 1959–60 ಅಥವಾ 2019–20, ಫೋಟೊ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಹಿಂಬದಿಯ ಸ್ಟುಡಿಯೊ ಮುದ್ರೆಯಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಮುದ್ರೆ ಒತ್ತಿದ್ದು 1972ರ ಆಗಸ್ಟ್ ಆದಮೇಲೆ. ಫೋಟೊದ ಜೀಪಿನ ನಂಬರು ಕೆಎ ಎಂದು ಶುರುವಾದರೆ 1989ರಿಂದ ಈಚಿನದು. ಊರಿನ ಹೆಸರಲ್ಲೂ ಹುಷಾರು. ಬಾಗೇಪಲ್ಲಿ, ಶಿಡ್ಲಘಟ್ಟ, ಗೌರಿಬಿದನೂರಿನ ಹಳೇ ಕಾಗದಗಳೆಲ್ಲ ‘ಕೋಲಾರ ಜಿಲ್ಲೆ’ ಅಂತಲೇ ಇರುತ್ತವೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಮೂಲದಲ್ಲಿ ಇದ್ದದ್ದನ್ನು ಹಾಗೇ ಬರೆದು ಪಕ್ಕದಲ್ಲಿ ಈಗಿನ ಜಿಲ್ಲೆ ಸೇರಿಸಿ.

ಈ ವಿವರಗಳನ್ನು ಚಿತ್ರದ ಫೈಲಿನೊಳಗೇ ಬರೆಯಬಹುದು. ಡಿಜಿಕ್ಯಾಮ್ ಅನ್ನುವ ಉಚಿತ ತಂತ್ರಾಂಶದಲ್ಲಿ ಶೀರ್ಷಿಕೆಯ ಜಾಗ ಇದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೇ ನುಡಿ, ಬರಹ ಫಾಂಟಿನಲ್ಲಿ ಹೊಡೆದದ್ದು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನೆಂಟರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಚಿತ್ರವೂ ಕುಗ್ಗುತ್ತದೆ, ಬರೆದದ್ದೂ ಅಳಿಯುತ್ತದೆ. ಎರಡು ಹಾರ್ಡ್‌ಡಿಸ್ಕ್, ಅದರಲ್ಲಿ ಒಂದು ಬೇರೆ ಊರಿನ ಮಗಳ ಮನೆಯಲ್ಲಿ, ಮೂರನೆಯ ಪ್ರತಿ ಕ್ಲೌಡಿನಲ್ಲಿ. ಪೆನ್‌ಡ್ರೈವ್ ನಂಬಬೇಡಿ.

ಸ್ಕ್ಯಾನ್ ಆದ ಆಲ್ಬಮ್ಮನ್ನು ಅಟ್ಟಕ್ಕೆ ಎಸೆಯಬೇಡಿ, ಶೀಟಿನ ಅಡಿಯ ಕಾವು ಫೋಟೊಗೆ ಆಗಿಬರುವುದಿಲ್ಲ. ಕಬ್ಬಿಣದ ಬೀರುವಿನ ನಡು ಅರೆಯಲ್ಲಿ ಮಲಗಿಸಿಡಿ, ನುಸಿ ಗುಳಿಗೆ ಬೇಡ. ಲ್ಯಾಮಿನೇಷನ್ ಮಾಡಿಸೋಣವೇ ಅಂತ ಕೊನೆಗೊಬ್ಬರು ಕೇಳಿಯೇ ಕೇಳುತ್ತಾರೆ. ಮಾಡಿಸಿ, ಆದರೆ ಸ್ಕ್ಯಾನಿನಿಂದ ತೆಗೆಸಿದ ಹೊಸ ಪ್ರಿಂಟಿಗೆ.