ಮೈಲುತುತ್ತದೊಳಗಿನ 18 ಗ್ರಾಂ ನೀರು

ಲ್ಯಾಬ್ ಕೆಲಸಕ್ಕೆ ಸೇರಿದ ಹೊಸತು. 50 ಗ್ರಾಂ ಮೈಲುತುತ್ತದಿಂದ, ಅಂದರೆ ಕಾಪರ್ ಸಲ್ಫೇಟ್‌ನಿಂದ, ಕಾಪರ್ ಆಕ್ಸೈಡ್ ಮಾಡಬೇಕಿತ್ತು. ಎಷ್ಟು ಸಿಗಬೇಕು ಅಂತ ಮೊದಲೇ ಲೆಕ್ಕ ಹಾಕಿ ಬರೆದಿಟ್ಟಿದ್ದೆ: 24.9 ಗ್ರಾಂ.

ಹರಳುಗಳನ್ನು ನೀರಲ್ಲಿ ಕರಗಿಸಿ ಕಾಸ್ಟಿಕ್ ಸೋಡಾ ಹಾಕಿದರೆ ತಿಳಿನೀಲಿ ಗಸಿ ಕೂರುತ್ತದೆ. ಬಿಸಿ ಮಾಡಿದರೆ ಕಣ್ಣೆದುರಿಗೇ ಕಪ್ಪಾಗುತ್ತದೆ. ಎಷ್ಟು ಸಲ ನೋಡಿದರೂ ಬೇಜಾರಾಗದ ನೋಟ ಅದು. ಸೋಸಿದೆ, ತೊಳೆದೆ, ಒಣಗಿಸಿದೆ, ತೂಗಿದೆ. 15.5 ಗ್ರಾಂ! ಶೇ 62 ಇಳುವರಿ.

ತಕ್ಕಡಿಯನ್ನು ಬೈದೆ, ಓವನ್ನನ್ನು ಬೈದೆ. ಎಲ್ಲೋ ಸೋರಿ ಹೋಗಿರಬೇಕು ಅಂತ ಸೋಸಿದ ನೀರಿಗೆ ಅಮೋನಿಯ ಹಾಕಿ ನೋಡಿದೆ. ತಾಮ್ರ ಇದ್ದಿದ್ದರೆ ಕಡುನೀಲಿ ಆಗಬೇಕಿತ್ತು. ಏನೂ ಆಗಲಿಲ್ಲ. ಇನ್ನೊಂದು ವಿಚಿತ್ರ: ಎಷ್ಟು ತೊಳೆದರೂ ಪಿಎಚ್ ಪೇಪರ್ ಕ್ಷಾರ ಅಂತಲೇ ತೋರಿಸುತ್ತಿತ್ತು. ಆಗ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಪುಸ್ತಕ ನೋಡಿ ಒಂದೇ ಮಾತು ಕೇಳಿದರು. "ನೀವು ಮೊದಲು ತೂಗಿದ ಮೈಲುತುತ್ತ ಯಾವ ಬಣ್ಣ ಇತ್ತು?"

ನೀಲಿ. ಅಲ್ಲೇ ಸಿಕ್ಕಿಬಿದ್ದೆ. ನೀರಿಲ್ಲದ ಕಾಪರ್ ಸಲ್ಫೇಟ್ ಬೆಳ್ಳಗಿರುತ್ತದೆ. ನೀಲಿ ಹರಳಲ್ಲಿ ಒಂದೊಂದು ಕಾಪರ್ ಸಲ್ಫೇಟ್ ಜೊತೆ ಐದೈದು ನೀರಿನ ಅಣು ಇರುತ್ತವೆ. ಅಣುಗಳನ್ನು ಎಣಿಸಲು ನಾವು ಬಳಸುವ 'ಡಜನ್' ಅಂದರೆ ಮೋಲ್; ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೋ ಅದು ಮೋಲಾರ್ ತೂಕ. ನಾನು ಅದನ್ನು 159.6 ಅಂತ ಹಿಡಿದಿದ್ದೆ, ಇರಬೇಕಾಗಿದ್ದು 249.7. ನಾನು ತೂಗಿದ 50 ಗ್ರಾಂನಲ್ಲಿ ಸುಮಾರು 18 ಗ್ರಾಂ ಬರೀ ನೀರು! ಬಾಟಲಿಯ ಲೇಬಲ್ ಮೇಲೂ ಪೆಂಟಾಹೈಡ್ರೇಟ್, ಅಂದರೆ ಐದು ನೀರಿನ ಅಣು ಇರುವಂಥದ್ದು, ಅಂತ ದೊಡ್ಡದಾಗೇ ಇತ್ತು.

ಸಮೀಕರಣ ತಪ್ಪಿರಲಿಲ್ಲ. ಒಂದು ಮೋಲ್ ತಾಮ್ರ ಒಳಗೆ ಹೋದರೆ ಒಂದು ಮೋಲ್ ಆಕ್ಸೈಡ್ ಹೊರಗೆ. ಗ್ರಾಂನಿಂದ ಮೋಲ್‌ಗೆ ಹೋಗುವ ಮೊದಲ ಮೆಟ್ಟಿಲಲ್ಲೇ ಜಾರಿದ್ದೆ. 50 ಅನ್ನು 249.7ರಿಂದ ಭಾಗಿಸಿದರೆ 0.2 ಮೋಲ್. ಅದನ್ನು ಆಕ್ಸೈಡ್‌ನ 79.5ರಿಂದ ಗುಣಿಸಿದರೆ 15.9 ಗ್ರಾಂ. ಅಂದರೆ ಇಳುವರಿ ಶೇ 97ರ ಮೇಲೆ. ಎರಡು ದಿನ ಸುಮ್ನೆ ತಕ್ಕಡಿ ಮೇಲೆ ಗೂಬೆ ಕೂರಿಸಿದ್ದೆ.

ತೊಳೆದಷ್ಟೂ ಮುಗಿಯದ ಕ್ಷಾರದ ಗುಟ್ಟೂ ಇದೇ. ಒಂದು ಮೋಲ್ ತಾಮ್ರಕ್ಕೆ ಎರಡು ಮೋಲ್ ಕಾಸ್ಟಿಕ್ ಸೋಡಾ ಬೇಕು, ಇಲ್ಲಿ 16 ಗ್ರಾಂ ಸಾಕಿತ್ತು. ತಪ್ಪು ಲೆಕ್ಕ ನಂಬಿ 25 ಗ್ರಾಂ ಸುರಿದಿದ್ದೆ. ಜಾಸ್ತಿಯಾದ 9 ಗ್ರಾಂ ಎಲ್ಲಿಗೆ ಹೋಗಬೇಕು ಹೇಳಿ, ತೊಳೆದ ನೀರಿಗೇ ಅಲ್ವಾ?

ಉಳಿದ 0.4 ಗ್ರಾಂ ಆಕ್ಸೈಡ್? ಕಸದ ಬುಟ್ಟಿಯಿಂದ ಫಿಲ್ಟರ್ ಪೇಪರ್ ತೆಗೆದು ನೋಡಿದೆ. ಕಾಡಿಗೆ ಮೆತ್ತಿದ ಹಾಗೆ ಕಪ್ಪಗಿತ್ತು.