ನೆಲದ ಬಣ್ಣದ ಸೈಕಲ್

“ಬಣ್ಣ ಯಾವುದು ಮೇಡಂ?” ಎಂದು ಪೇಂಟರ್ ಕೇಳಿದ ಕೂಡಲೇ ಮೊಬೈಲ್ ತೆಗೆದು ಅವರ ಮುಂದೆ ಹಿಡಿದೆ. ಮೂರು ತಿಂಗಳಿಂದ ಕೂಡಿಟ್ಟ ಚಿತ್ರಗಳು ಅದರಲ್ಲಿದ್ದವು. ಹಿಮದ ಬೆಟ್ಟದ ಎದುರು ನಿಲ್ಲಿಸಿದ ನೇರಳೆ ಸೈಕಲ್, ಪೈನ್ ಕಾಡಿನೊಳಗಿನ ಆನಂದನೀಲಿ ಸೈಕಲ್, ಯಾವುದೋ ಊರಿನ ಬಿಳಿ ಗೋಡೆಗೆ ಒರಗಿದ ಗಿಳಿಹಸಿರು. ಅವರು ಏಳೆಂಟು ಚಿತ್ರ ನೋಡಿ ಫೋನನ್ನು ನನ್ನ ಕೈಗೇ ಕೊಟ್ಟರು.

“ಇದನ್ನು ನೋಡಿ ನಾನು ಬಣ್ಣ ಹೊಡೆಯುವುದಿಲ್ಲ. ಫೋನಿಗೆ ಒಳಗಿನಿಂದ ಬೆಳಕು ಬರುತ್ತದೆ. ಸೈಕಲ್ಲಿಗೆ ಬೆಳಕು ಹೊರಗಿನಿಂದ ಬೀಳಬೇಕು. ನೀವು ಇದನ್ನು ಓಡಿಸುವುದು ಎಲ್ಲಿ?”

“ತುರಹಳ್ಳಿ ಕಾಡಿನ ಕಡೆ.”

“ಹಾಗಾದರೆ ಬಣ್ಣವನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ನೋಡಿ.”

ಅವರ ಶೆಡ್ಡಿಗೆ ಬರುವುದು ಹೆಚ್ಚಾಗಿ ಬಿದ್ದು ಗೀರಿಕೊಂಡ ಸ್ಕೂಟರ್‌ಗಳು, ಬೈಕಿನ ಹಳೆಯ ಟ್ಯಾಂಕ್‌ಗಳು. ಅವುಗಳ ನಡುವೆ ನನ್ನ ಫ್ರೇಮು ತಂತಿಯೊಂದರಿಂದ ಜೋತಾಡುತ್ತಿತ್ತು. ಬಣ್ಣವಿಲ್ಲದ ಬರಿಯ ಉಕ್ಕು, ಬೆಸುಗೆಯ ಜಾಗದಲ್ಲಿ ಮಾತ್ರ ನೀಲಿ ಕಂದು ಛಾಯೆ. ಅದನ್ನು ನೋಡುತ್ತ ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲವಳಾಗಿದ್ದೆ. ನನ್ನ ಎತ್ತರ ಐದು ಅಡಿ ಒಂದು ಅಂಗುಲ. ಅಂಗಡಿಯಲ್ಲಿ ಸಿಗುವ ಚಿಕ್ಕ ಅಳತೆಯ ಮೌಂಟನ್ ಬೈಕಿನಲ್ಲಿ ಕೂಡ ಇಳಿಜಾರಿನಲ್ಲಿ ಥಟ್ಟನೆ ಕಾಲೂರಬೇಕಾದಾಗ ಮೇಲಿನ ಕೊಳವೆ ತಾಗುತ್ತಿತ್ತು. ಹನ್ನೊಂದು ವರ್ಷ ಹಾಗೆಯೇ ಓಡಿಸಿದೆ. ಕೊನೆಗೆ ಬೆಂಗಳೂರಿನಲ್ಲಿಯೇ ಫ್ರೇಮ್ ಕಟ್ಟುವವರೊಬ್ಬರು ನನ್ನ ಕಾಲು, ತೋಳು, ಬೆನ್ನು ಎಲ್ಲವನ್ನೂ ಟೇಪ್ ಹಿಡಿದು ಅಳೆದು, 4130 ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಮ್ ಬೆರೆತ) ಉಕ್ಕಿನ ಕೊಳವೆಗಳನ್ನು ಕತ್ತರಿಸಿ, 27.5 ಅಂಗುಲದ ಚಕ್ರಕ್ಕೆ ಹೊಂದುವಂತೆ ಇದನ್ನು ಮಾಡಿಕೊಟ್ಟರು. ಹುಟ್ಟಿದಾಗಿನಿಂದ ನನ್ನ ಅಳತೆಗೆಂದೇ ತಯಾರಾದ ವಾಹನ ಇದೊಂದೇ. ಅದಕ್ಕೆ ಯಾವುದೋ ಒಂದು ಬಣ್ಣ ಬಳಿದುಬಿಡಲು ಮನಸ್ಸು ಹೇಗೆ ಒಪ್ಪೀತು?

ಪೌಡರ್ ಕೋಟಿಂಗ್ ಮಾಡಿಸು ಎಂದು ಸೈಕಲ್ ಗೆಳೆಯರು ಹೇಳಿದ್ದರು. ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಆ ಕೆಲಸದ ಘಟಕಗಳಿವೆ. ಬಣ್ಣದ ಪುಡಿಗೆ ವಿದ್ಯುದಾವೇಶ ಕೊಟ್ಟು ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಗಟ್ಟಿತನದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬಣ್ಣಗಳನ್ನು ಅವರ ಪಟ್ಟಿಯ ಸಂಖ್ಯೆ ನೋಡಿಯೇ ಆರಿಸಬೇಕು, ಬೇಕಾದ ಛಾಯೆಯನ್ನು ಎದುರೇ ಕಲಸಿ ತಿದ್ದಲು ಆಗುವುದಿಲ್ಲ. ಎರಡನೆಯ ಬಣ್ಣ ಬೇಕೆಂದರೆ ಮತ್ತೆ ಮುಚ್ಚಿ ಮತ್ತೆ ಬೇಯಿಸಬೇಕು. ನನಗೆ ಎರಡು ಬಣ್ಣ ಬೇಕಿತ್ತು, ಅಂಚು ಬೇಕಿತ್ತು. ಹಾಗಾಗಿ ಸ್ಪ್ರೇ ಗನ್ನಿನ ಈ ಶೆಡ್ಡಿಗೆ ಬಂದಿದ್ದೆ.

ಎರಡು ದಿನ ಬಿಟ್ಟು ಹೋದಾಗ ಪೇಂಟರ್ ಒಂದು ಕಟ್ಟು ಕೊಟ್ಟರು. ಒಂದೊಂದು ಅಡಿ ಉದ್ದದ ಐದು ಉಕ್ಕಿನ ಪೈಪುಗಳು, ಒಂದೊಂದಕ್ಕೆ ಒಂದೊಂದು ಬಣ್ಣ. ಕಾರ್ಡಿನ ಮೇಲಿನ ಚೌಕದಲ್ಲಿ ಬಣ್ಣ ನೋಡಬಾರದು, ಪೈಪಿನ ಮೇಲೇ ನೋಡಬೇಕು ಎಂಬುದು ಅವರ ವಾದ. ಅದು ಎಷ್ಟು ನಿಜವೆಂದು ಕೈಗೆತ್ತಿಕೊಂಡ ಕೂಡಲೇ ತಿಳಿಯಿತು. ಉರುಟಾದ ಮೈಯಲ್ಲಿ ಮೇಲ್ಭಾಗ ಬೆಳಗುತ್ತದೆ, ತಳ ಕಪ್ಪಾಗುತ್ತದೆ. ಉಕ್ಕಿನ ಕೊಳವೆ ಸಪೂರವಾದ್ದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬಣ್ಣ ಇನ್ನಷ್ಟು ಕಡುವಾಗಿ ಕಾಣುತ್ತದೆ. ಕಟ್ಟಿನಲ್ಲಿ ಆರನೆಯದೊಂದು ಪೈಪೂ ಇತ್ತು. ಅದು ಲೆಕ್ಕಕ್ಕಿರಲಿಲ್ಲ. ಯಾರದೋ ಮನೆಯ ಗೇಟಿನ ಕೆಲಸದಲ್ಲಿ ಉಳಿದ, ಬರಿಯ ರೆಡ್ ಆಕ್ಸೈಡ್ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಕೆಂಪು ತಳಲೇಪ, ಹೊಡೆದ ತುಂಡು. ಉಳಿದವು ಒಂದಕ್ಕೊಂದು ಉಜ್ಜದಂತೆ ನಡುವೆ ಇಟ್ಟಿದ್ದರು.

ಭಾನುವಾರ ಬೆಳಗ್ಗೆ ಐದೂವರೆಗೆ ಕಟ್ಟನ್ನು ಬೆನ್ನಿನ ಚೀಲಕ್ಕೆ ಸಿಕ್ಕಿಸಿಕೊಂಡು ಹಳೆಯ ಸೈಕಲ್ಲಿನಲ್ಲಿ ಹೊರಟೆ. ಬನಶಂಕರಿ ದಾಟಿ ಕನಕಪುರ ರಸ್ತೆಗೆ ಬಂದರೆ ಇನ್ನೂ ಕತ್ತಲೆ. ತರಕಾರಿ ಟೆಂಪೋಗಳು, ಮೊದಲ ಬಸ್ಸುಗಳು ಪಕ್ಕದಲ್ಲೇ ಬೀಸಿ ಹೋಗುತ್ತಿದ್ದವು. ಕಾಡಿನಲ್ಲಿ ಸೈಕಲ್ ಹೇಗೆ ಕಾಣಬೇಕು ಎಂದು ಮೂರು ತಿಂಗಳು ಯೋಚಿಸಿದ್ದೆ, ಕಾಡಿಗೆ ಹೋಗುವ ಈ ದಾರಿಯಲ್ಲಿ ಹೇಗೆ ಕಾಣಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಸೈಕಲ್ಲಿನ ಹಿಂಭಾಗದಲ್ಲಿ ತಿಳಿಬಣ್ಣ ಇರಲೇಬೇಕು ಎಂಬ ತೀರ್ಮಾನ ರಸ್ತೆಯಲ್ಲೇ ಆಯಿತು.

ತುರಹಳ್ಳಿಯ ಅಂಚಿನ ಮಣ್ಣಿನ ದಾರಿಯಲ್ಲಿ ಬಂಡೆಯೊಂದರ ಮೇಲೆ ಆರೂ ಪೈಪುಗಳನ್ನು ಸಾಲಾಗಿ ಇಟ್ಟೆ. ಸೂರ್ಯ ಇನ್ನೂ ಮರಗಳ ಹಿಂದಿದ್ದ. ಫೋನಿನಲ್ಲಿ ಮನಸೋತಿದ್ದ ಜಕರಂಡಾ ಹೂವಿನ ನೇರಳೆ ಆ ನೆರಳಿನಲ್ಲಿ ಕಪ್ಪೇ ಆಗಿಬಿಟ್ಟಿತ್ತು. ಹೊಳಪಿಲ್ಲದ ಮಾಸಲು ಹಸಿರು ಗಂಭೀರವಾಗಿತ್ತು, ಅಷ್ಟೇ ಬೇಗ ಗಿಡಗಳ ನಡುವೆ ಮರೆಯಾಗಿಯೂ ಹೋಗುತ್ತಿತ್ತು. ಚೀಲದ ಪಟ್ಟಿಯ ಬೆವರು ತಾಗಿದ ಕಡೆ ಅದರ ಮೇಲೆ ಜಿಡ್ಡಿನ ಕಲೆ ಆಗಲೇ ಮೂಡಿತ್ತು. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಕಿತ್ತಳೆ ಎಲ್ಲಕ್ಕಿಂತ ಚೆನ್ನಾಗಿ ಎದ್ದು ಕಾಣುತ್ತಿತ್ತು. ಆದರೆ ಆ ಜಾತಿಯ ಬಣ್ಣಗಳು ಬಿಸಿಲಿಗೆ ಬೇಗ ಮಾಸುತ್ತವೆ, ಆಮೇಲೆ ಬಂದು ನನ್ನನ್ನು ಕೇಳಬೇಡಿ ಎಂದು ಪೇಂಟರ್ ಮೊದಲೇ ಹೇಳಿದ್ದರು.

ಆಮೇಲೆ ಬಾಟಲಿಯ ನೀರು ಸುರಿದು ಮಣ್ಣು ಕಲಸಿದೆ, ಎಲ್ಲ ಪೈಪುಗಳಿಗೂ ಮೆತ್ತಿದೆ. ದಾರಿಯ ಕಲ್ಲೊಂದನ್ನು ಎತ್ತಿಕೊಂಡು ಒಂದೊಂದಕ್ಕೂ ಮೂರು ಮೂರು ಪೆಟ್ಟು ಕೊಟ್ಟೆ. ವಾಯುವಿಹಾರಕ್ಕೆ ಬಂದಿದ್ದ ಹಿರಿಯರೊಬ್ಬರು ನಿಂತು ನೋಡಿ, “ಏನಮ್ಮ, ಏನಾದರೂ ಕಳೆದುಕೊಂಡೆಯಾ?” ಎಂದು ಕೇಳಿದರು. ಬಣ್ಣ ನೋಡುತ್ತಿದ್ದೇನೆ ಎಂದೆ. ಅವರೂ ಪಕ್ಕದಲ್ಲಿ ಕುಳಿತು ನೋಡಿದರು.

ಈ ಪೆಟ್ಟಿನ ಪರೀಕ್ಷೆಗೆ ಕಾರಣ ನನ್ನ ಹಳೆಯ ಸೈಕಲ್. ಕಡುನೀಲಿ ಬಣ್ಣ, ಕೊಂಡ ದಿನ ಕನ್ನಡಿಯಂತೆ ಇತ್ತು. ಇಲ್ಲಿ ನೆಲವೆಂದರೆ ಬಂಡೆ ಒಡೆದು ಆದ ಹರಳು. ಮುಂದಿನ ಚಕ್ರ ಎರಚುವ ಒಂದೊಂದು ಹರಳೂ ಕೆಳಗಿನ ಕೊಳವೆಯ ಹೊಟ್ಟೆಗೆ ಬಡಿಯುತ್ತದೆ. ಎರಡು ಮಳೆಗಾಲ ಮುಗಿಯುವಷ್ಟರಲ್ಲಿ ಆ ನೀಲಿಯ ತುಂಬ ಬೆಳ್ಳನೆಯ ಚುಕ್ಕೆಗಳು. ಪ್ರತಿ ವಾರ ತೊಳೆಯುವಾಗ ಅವುಗಳನ್ನು ಎಣಿಸುವುದೇ ಒಂದು ಸಂಕಟವಾಗಿತ್ತು. ಬಂಡೆಯ ಮೇಲಿನ ಪೈಪುಗಳಲ್ಲೂ ಅದೇ ಆಯಿತು. ಪೆಟ್ಟು ಬಿದ್ದ ಕಡೆ ಒಳಗಿನ ಬೂದು ಪ್ರೈಮರ್ ಇಣುಕಿತು. ಆನಂದನೀಲಿಯ ಮೇಲೆ ಅಂಟಿದ ಕೆಂಪು ಮಣ್ಣು ಕೊಳೆಯಂತೆ ಕಂಡಿತು. ಆರನೆಯ ಪೈಪಿನ ಮೇಲೆ ಮಾತ್ರ ಮಣ್ಣು ಎಲ್ಲಿದೆ, ಬಣ್ಣ ಎಲ್ಲಿದೆ ಎಂದು ಹುಡುಕಬೇಕಾಯಿತು. ಆಗಲೂ ಅದು ಉತ್ತರ ಎಂದು ನನಗೆ ಹೊಳೆಯಲಿಲ್ಲ. ಪ್ರೈಮರ್ ಎಂದರೆ ಮುಚ್ಚಿಹೋಗಬೇಕಾದದ್ದು ಎಂದೇ ತಲೆಯಲ್ಲಿ ಕೂತಿತ್ತು.

ಮನೆಗೆ ಬಂದು ಹಿತ್ತಲಲ್ಲಿ ಪೈಪುಗಳನ್ನು ತೊಳೆದು ನಡುಮನೆಯಲ್ಲಿ ಒಣಗಲು ಇಟ್ಟೆ. ಹನುಮಂತನಗರದ ನಮ್ಮದು ಹಳೆಯ ಮನೆ, ನೆಲಕ್ಕೆ ರೆಡ್ ಆಕ್ಸೈಡ್, ಗೋಡೆಯ ಬದಿಗೆ ಬೆರಳಗಲದ ಕಪ್ಪು ಅಂಚು. ಅಮ್ಮ ಕಾಫಿ ಲೋಟ ಹಿಡಿದು ಬಂದವಳು ಆರನೆಯದನ್ನು ತುಳಿದೇಬಿಟ್ಟಳು.

“ಇದು ಕಾಣಲೇ ಇಲ್ಲವಲ್ಲೇ! ನೆಲಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ.”

ಅವಳು ಅಲ್ಲೇ ಕುಳಿತು ಪೈಪನ್ನು ತಿರುಗಿಸಿ ನೋಡಿದಳು. ನಾನು ಕಲ್ಲಿನಿಂದ ಕುಟ್ಟಿದ ಜಾಗವನ್ನು ಬೆರಳಿನಿಂದ ಸವರಿದಳು. ಆಮೇಲೆ, ಕೇಳದೆಯೇ, ನೆಲದ ಕಥೆ ಹೇಳಿದಳು. ಅವಳು ಮದುವೆಯಾಗಿ ಬಂದ ವರ್ಷ ಹಿಂದಿನ ಕೋಣೆ ಕಟ್ಟಿಸಿದರಂತೆ. ಗಾರೆಯವರು ಸಿಮೆಂಟಿನ ಜೊತೆಗೇ ಕೆಂಪು ಪುಡಿಯನ್ನು ಕಲಸಿ ಹಾಸಿ, ಕರಣೆಯಿಂದ ನಯ ಮಾಡಿ, ಒಣಗದಂತೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಿದ್ದರಂತೆ. ಆಮೇಲೆ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒರೆಸಿ ಒರೆಸಿ ಹೊಳಪು ಬಂದದ್ದು. “ಇದು ಮೇಲೆ ಬಳಿದ ಬಣ್ಣವಲ್ಲ. ಒಳಗೂ ಅದೇ. ಒರಳುಕಲ್ಲು ಉರುಳಿಸಿದರೂ ಗೀರು ಕಾಣುವುದಿಲ್ಲ.”

ಒಳಗೂ ಅದೇ! ಬೆಳಗಿನಿಂದ ನಾನು ಬಂಡೆಯ ಮೇಲೆ ಹುಡುಕುತ್ತಿದ್ದದ್ದು ಇದನ್ನೇ. ಮೇಲಿನ ಬಣ್ಣವೂ ಒಳಗಿನ ಪ್ರೈಮರೂ ಒಂದೇ ಛಾಯೆಯಲ್ಲಿದ್ದರೆ, ಕಲ್ಲು ಬಡಿದು ಚಕ್ಕೆ ಎದ್ದರೂ ಗಾಯ ಕಾಣುವುದಿಲ್ಲ. ತುರಹಳ್ಳಿಯ ಮಣ್ಣನ್ನು ಕೆಂಪಾಗಿಸಿರುವುದು ಕಬ್ಬಿಣದ ಆಕ್ಸೈಡ್. ಪ್ರೈಮರ್ ಡಬ್ಬಿಯಲ್ಲಿರುವ ಕೆಂಪೂ ಅದೇ, ನಮ್ಮ ನೆಲದ ಪುಡಿಯೂ ಅದೇ. ಫ್ರೇಮಿನ ಉಕ್ಕು ಕೂಡ ಕಬ್ಬಿಣದ್ದೇ. ಅಷ್ಟು ದಿನ ಹೊರದೇಶದ ಹಿಮದಲ್ಲಿ ಹುಡುಕಿದ ಬಣ್ಣದ ಮೇಲೆ ನಾನು ಅಂಬೆಗಾಲಿಟ್ಟು ಬೆಳೆದಿದ್ದೆ.

ಹಿತ್ತಲ ಬಾಗಿಲ ಬಳಿ ನೆಲದ ಚೂರೊಂದು ಮೊದಲೇ ಎದ್ದು ಬಂದಿತ್ತು. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಸೋಮವಾರ ಪೇಂಟರ್ ಜೊತೆ ಜೆ.ಸಿ. ರಸ್ತೆಗೆ ಹೋದೆ. ವಾಹನಗಳ ಬಣ್ಣ ಕಲಸಿಕೊಡುವ ಅಂಗಡಿಯಲ್ಲಿ ತೂಕದ ಯಂತ್ರದ ಮೇಲೆ ಡಬ್ಬಿಯಿಟ್ಟು ಗ್ರಾಂ ಲೆಕ್ಕದಲ್ಲಿ ಕೆಂಪು, ಕಂದು, ಹನಿ ಕಪ್ಪು ಸೇರಿಸಿದರು. ಮೊದಲ ಸಲ ಇಟ್ಟಿಗೆಯಾಯಿತು, ಎರಡನೆಯ ಸಲ ಚಾಕೊಲೇಟ್ ಆಯಿತು. ಬಣ್ಣಗಳ ಆರ್‌ಎಎಲ್ ಪಟ್ಟಿಯಲ್ಲಿ 3009 ಎಂಬ ಸಂಖ್ಯೆಗೆ ಆಕ್ಸೈಡ್ ಕೆಂಪು ಎಂದೇ ಹೆಸರಿದೆ. ಕಾರ್ಡನ್ನು ಚೂರಿನ ಪಕ್ಕ ಹಿಡಿದು ನೋಡಿದರೆ ಅದು ನಮ್ಮ ನೆಲಕ್ಕಿಂತ ಹೆಚ್ಚು ಕಂದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಪ್ಪಿದ ಛಾಯೆ ಫುಟ್‌ಪಾತಿನ ಬಿಸಿಲಿಗೆ ತಂದಾಗ ಒಪ್ಪುತ್ತಿರಲಿಲ್ಲ. ನಾಲ್ಕು ಸಲ ಒಳಗೂ ಹೊರಗೂ ಓಡಾಡಿದೆವು. ಐದನೆಯ ಸಲ ಪೇಂಟರ್ ಚೂರಿನ ಮೇಲೆಯೇ ಒಂದು ಹನಿ ತೊಟ್ಟಿಸಿದರು. ಒದ್ದೆ ಹೊಳಪು ಬಿಟ್ಟರೆ ಹನಿ ಎಲ್ಲಿ ಬಿದ್ದಿತೆಂದು ತಿಳಿಯದಷ್ಟು ಕೂಡಿಕೊಂಡಿತು. ಕೊಳವೆ ಸಪೂರವಾದ್ದರಿಂದ ಒಂದು ಎಳೆ ತಿಳಿಯಾಗಿಸೋಣ ಎಂದರು. ಒಪ್ಪಿದೆ.

ಹಿಂಭಾಗದ ಕೊಳವೆಗಳಿಗೆ ಅರಿಶಿನದ ಹಳದಿ ಎಂದು ಹೇಳಿದ್ದೆ. “ಕೆಂಪು ಹಳದಿ ಸೇರಿದರೆ ನಮ್ಮ ಕನ್ನಡ ಬಾವುಟ, ಚೆನ್ನಾಗಿಯೇ ಇರುತ್ತದೆ ಮೇಡಂ” ಎಂದು ಅವರಿಗೆ ಖುಷಿಯಾಯಿತು. ನನಗೆ ಅದೇ ಅಳುಕು. ಬಾವುಟದ ಬಣ್ಣ ಎತ್ತರದಲ್ಲಿರಬೇಕು, ವಾರವಾರವೂ ಕೆಸರು ಮೆತ್ತಿಕೊಳ್ಳುವ ಕಡೆ ಅಲ್ಲ. ಹಳದಿಯ ಬದಲು ಕೆನೆ ಬಣ್ಣ ಆಯ್ದುಕೊಂಡೆ. ಕತ್ತಲಲ್ಲಿ ಟೆಂಪೋದ ದೀಪ ಬಿದ್ದರೆ ಅದೂ ಕಾಣುತ್ತದೆ. ಕೆಂಪು ಮುಗಿದು ಕೆನೆ ಶುರುವಾಗುವ ಕಡೆ, ಗೋಡೆಯ ಬದಿಯಲ್ಲಿರುವಂತೆ, ಒಂದು ಕಪ್ಪು ಅಂಚು. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕ್ ಹೇಗೂ ಕಪ್ಪು, ಆ ಅಂಚಿನಿಂದ ಅದಕ್ಕೂ ನೆಂಟಸ್ತಿಕೆ ಕುದುರಿತು.

ಬೂದು ಪ್ರೈಮರ್ ಬೇಡ, ಎಪಾಕ್ಸಿ ರಾಳದ ರೆಡ್ ಆಕ್ಸೈಡ್ ಪ್ರೈಮರ್ ಹಾಕಿ ಎಂದಾಗ ಪೇಂಟರ್ ಒಂದು ಕ್ಷಣ ನನ್ನ ಮುಖ ನೋಡಿದರು. ಕಾರಣ ಹೇಳಿದೆ. “ಇದನ್ನು ಟ್ಯಾಂಕ್‌ಗಳಿಗೂ ಮಾಡಬಹುದು” ಎಂದರು. ಪ್ರೈಮರನ್ನೇ ಹಾಗೇ ಬಿಟ್ಟರೆ ಆಗದೇ ಎಂದು ನಾನು ಕೇಳಿದ್ದಕ್ಕೆ ತಲೆಯಾಡಿಸಿದರು. ಬರಿಯ ಎಪಾಕ್ಸಿ ಪ್ರೈಮರ್ ಬಿಸಿಲಿಗೆ ಮಾಸಿ ಪುಡಿಯೇಳುತ್ತದೆ, ಮೇಲೆ ಬಣ್ಣವೂ ಅದರ ಮೇಲಿನ ಪಾರದರ್ಶಕ ಲೇಪವಾದ ಕ್ಲಿಯರ್ ಕೋಟೂ ಬೇಕೇ ಬೇಕು. ಪ್ರತಿಯಾಗಿ ಅವರಿಗೆ ನಾನೂ ಒಂದು ಸಂಗತಿ ಹೇಳಿಕೊಡಬೇಕಾಯಿತು. ಪೆಡಲಿನ ಅಚ್ಚು ಕೂರುವ ಜಾಗದ ತಿರುಪಿನ ಸುತ್ತು, ಹ್ಯಾಂಡಲಿನ ಬೇರಿಂಗ್ ಕೂರುವ ಕೊಳವೆಯ ಬಾಯಿ, ಬ್ರೇಕ್ ಕೂರಿಸುವ ಮುಖ, ಇಲ್ಲೆಲ್ಲ ಬಣ್ಣ ತಾಗಿದರೆ ಭಾಗಗಳು ಸರಿಯಾಗಿ ಕೂರುವುದಿಲ್ಲ. ತಿರುಪಿನ ಸುತ್ತುಗಳಿಗೆ ಹಳೆಯ ಬೇರಿಂಗ್ ಬಟ್ಟಲುಗಳನ್ನು ತಿರುಗಿಸಿ ಮುಚ್ಚಿದೆವು, ಉಳಿದದ್ದಕ್ಕೆ ಟೇಪು.

ಅದು ಸೆಪ್ಟೆಂಬರ್. ಮಳೆಯ ತೇವವಿದ್ದ ದಿನ ಕ್ಲಿಯರ್ ಕೋಟ್ ಹೊಡೆಯುವುದಿಲ್ಲ ಎಂದು ಅವರು ಹಟ ಹಿಡಿದರು, ಒಂದು ವಾರ ಕಾದೆ. ಹೊಡೆದ ಮೇಲೆ ಗಟ್ಟಿಯಾಗಲಿ ಎಂದು ಇನ್ನೊಂದು ವಾರ. ಆಯುಧಪೂಜೆಯ ಬೆಳಗ್ಗೆ ಸೈಕಲ್ ಜೋಡಿಸಿ ನಡುಮನೆಯಲ್ಲೇ ನಿಲ್ಲಿಸಿದೆ. ಅಮ್ಮ ಮೇಲಿನ ಕೊಳವೆಗೆ ಕುಂಕುಮವಿಟ್ಟಳು, ಕಾಣಲಿಲ್ಲ. ಹಿಂದಕ್ಕೆ ಹೋಗಿ ಕೆನೆ ಬಣ್ಣದ ಮೇಲೆ ಇನ್ನೊಂದು ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇರಿಸಿ, “ಹತ್ತು ಈಗ” ಎಂದಳು.

ಆ ತಿಂಗಳು ಆರು ಸಲ ತುರಹಳ್ಳಿ ಕಡೆಗೆ ಹೋದೆ. ಕಳೆದ ಭಾನುವಾರ ಹಿತ್ತಲಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ತೊಳೆದು, ಕೆಳಗಿನ ಕೊಳವೆಯ ಹೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಕಣ್ಣಿಗೆ ಒಂದು ಗಾಯವೂ ಸಿಗಲಿಲ್ಲ. ಬೆರಳಾಡಿಸಿದಾಗ ಮೂರು ಕಡೆ ಸಣ್ಣ ತಗ್ಗು ತಾಗಿತು. ಅಮ್ಮನನ್ನು ಕರೆದು ಅವಳ ಬೆರಳನ್ನು ಹಿಡಿದು ಅಲ್ಲಿಟ್ಟೆ.