‘ಕಡಿತ’ ಎಂಬ ಪದ ಮತ್ತು 372ನೇ ಮತ

ಅಮೆರಿಕದ ಸೆನೆಟಿನಲ್ಲಿ ಇಂದಿಗೂ ಮತ ಹಾಕಲು ಗುಂಡಿ ಒತ್ತುವ ಪದ್ಧತಿಯಿಲ್ಲ. ಗುಮಾಸ್ತರು ಅಕಾರಾದಿಯಾಗಿ ಹೆಸರು ಕೂಗುತ್ತಾರೆ. ಸದಸ್ಯರು ಬಾಯಿಬಿಟ್ಟು ಉತ್ತರಿಸುತ್ತಾರೆ, ಇಲ್ಲವೇ ಮೇಜಿನ ಬಳಿಗೆ ಬಂದು ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ತೋರಿಸಿ ಹೋಗುತ್ತಾರೆ. ಹೀಗೆ ನಡೆದ ಪ್ರತಿಯೊಂದು ಮತದಾನಕ್ಕೂ ಒಂದು ಕ್ರಮಸಂಖ್ಯೆ ಬೀಳುತ್ತದೆ, ಯಾರು ಪರ, ಯಾರು ವಿರೋಧ ಎಂಬ ಪಟ್ಟಿ ಸಾರ್ವಜನಿಕ ದಾಖಲೆಯಾಗುತ್ತದೆ. ಖಿರ್ದಿ ಪುಸ್ತಕದಂತೆ ಒಣಗಿದ ಈ ಪಟ್ಟಿಗಳನ್ನು ಸೆನೆಟರ್‌ಗಳ ಪತ್ರಿಕಾ ಹೇಳಿಕೆಗಳ ಪಕ್ಕದಲ್ಲಿಟ್ಟುಕೊಂಡು ಓದುವ ಚಟ ನನಗೆ ಅಂಟಿಕೊಂಡಿದೆ. ಹಾಗೆ ಓದಿದ್ದರಲ್ಲಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದವರು ಮಿಸೌರಿಯ ರಿಪಬ್ಲಿಕನ್ ಸೆನೆಟರ್ ಜಾಶ್ ಹಾಲಿ. (ಕನ್ನಡದಲ್ಲಿ ಅವರ ಬಗ್ಗೆ ಬರೆಯುವಾಗ ‘ಹಾಲಿ ಸೆನೆಟರ್’ ಎಂದರೆ ಹೆಸರೋ ವಿಶೇಷಣವೋ ತಿಳಿಯುವುದಿಲ್ಲ, ಸದ್ಯಕ್ಕೆ ಅವರು ಎರಡೂ ಹೌದು.)

2025ರ ಮೇ ತಿಂಗಳಲ್ಲಿ ಹಾಲಿಯವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮೆಡಿಕೇಡ್, ಅಂದರೆ ಕಡಿಮೆ ಆದಾಯದವರಿಗೆ ಒಕ್ಕೂಟ ಸರ್ಕಾರ ಮತ್ತು ರಾಜ್ಯಗಳು ಸೇರಿ ನಡೆಸುವ ಆರೋಗ್ಯ ವಿಮೆಯನ್ನು ಕಡಿತಗೊಳಿಸಕೂಡದು ಎಂಬುದೇ ಅದರ ಶೀರ್ಷಿಕೆಯೂ ಆಗಿತ್ತು, ಸಾರವೂ ಆಗಿತ್ತು. ದುಡಿಯುವ ಬಡವರ ವಿಮೆಗೆ ಕತ್ತರಿ ಹಾಕುವುದು ನೈತಿಕವಾಗಿ ತಪ್ಪು, ರಾಜಕೀಯವಾಗಿ ಆತ್ಮಹತ್ಯೆ ಎಂದು ತಮ್ಮದೇ ಪಕ್ಷದವರಿಗೆ ಅವರು ನೇರವಾಗಿ ಹೇಳಿದ್ದರು. ಈ ಮಾತಿಗೆ ಅವರ ರಾಜ್ಯದಲ್ಲಿ ಗಟ್ಟಿಯಾದ ಆಧಾರವಿತ್ತು. 2020ರ ಆಗಸ್ಟ್‌ನಲ್ಲಿ ಮಿಸೌರಿಯ ಮತದಾರರು ಸುಮಾರು ಶೇಕಡ 53ರ ಬಹುಮತದಿಂದ ರಾಜ್ಯದ ಸಂವಿಧಾನವನ್ನೇ ತಿದ್ದಿ ಮೆಡಿಕೇಡನ್ನು ವಿಸ್ತರಿಸಿದ್ದರು. ಅದೇ ವರ್ಷದ ನವೆಂಬರಿನಲ್ಲಿ ಅದೇ ರಾಜ್ಯ ಡೊನಾಲ್ಡ್ ಟ್ರಂಪ್ ಅವರನ್ನೂ ಗೆಲ್ಲಿಸಿತ್ತು. ಬಲಪಂಥೀಯ ಮತದಾರರಿಗೂ ಈ ವಿಮೆ ಬೇಕಾಗಿದೆ ಎಂಬುದನ್ನು ಹಾಲಿಯವರು ಪಕ್ಷದ ಹಲವರಿಗಿಂತ ಮೊದಲೇ ಗ್ರಹಿಸಿದ್ದರು ಎನ್ನಬೇಕು.

ಜುಲೈ 1ರಂದು 372ನೇ ಮತದಾನ ನಡೆಯಿತು. ತೆರಿಗೆ ಇಳಿಕೆ, ಗಡಿ ರಕ್ಷಣೆ, ಮೆಡಿಕೇಡ್ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದ ಟ್ರಂಪ್ ಅವರ ಬೃಹತ್ ಮಸೂದೆ 50–50ರಲ್ಲಿ ನಿಂತು, ಉಪಾಧ್ಯಕ್ಷ ಜೆ. ಡಿ. ವ್ಯಾನ್ಸ್ ಅವರ ನಿರ್ಣಾಯಕ ಮತದಿಂದ ಪಾಸಾಯಿತು. ರಿಪಬ್ಲಿಕನ್ನರಲ್ಲಿ ವಿರೋಧಿಸಿದವರು ಮೂವರು: ಮೇನ್ ರಾಜ್ಯದ ಸೂಸನ್ ಕಾಲಿನ್ಸ್, ಕೆಂಟಕಿಯ ರ‍್ಯಾಂಡ್ ಪಾಲ್, ಉತ್ತರ ಕ್ಯಾರೊಲಿನಾದ ಥಾಮ್ ಟಿಲಿಸ್. ಹಾಲಿಯವರ ಹೆಸರಿನ ಮುಂದೆ ಇದ್ದದ್ದು ‘ಪರ’. ಲೆಕ್ಕ ಸರಳ: ಪರವಾಗಿದ್ದ ಐವತ್ತು ಜನರಲ್ಲಿ ಯಾರೊಬ್ಬರು ಆಚೆ ಸರಿದಿದ್ದರೂ ಮಸೂದೆ ಅಂದು ಬಿದ್ದುಹೋಗುತ್ತಿತ್ತು.

ಮೇ ತಿಂಗಳ ಲೇಖನವನ್ನೂ ಈ ಪಟ್ಟಿಯನ್ನೂ ಎದುರುಬದುರು ಇಟ್ಟು ‘ನುಡಿ ಒಂದು, ನಡೆ ಇನ್ನೊಂದು’ ಎಂದು ಷರಾ ಬರೆದು ಎದ್ದುಹೋಗುವುದು ಸುಲಭ. ಮೊದಲು ನಾನೂ ಹಾಗೆಯೇ ಮಾಡಿದ್ದೆ. ಆಮೇಲೆ ನಡುವಿನ ಎರಡು ತಿಂಗಳ ಹೇಳಿಕೆಗಳನ್ನು ದಿನಾಂಕವಾರು ಓದಿದಾಗ, ಹಾಲಿಯವರು ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ ‘ಕಡಿತ’ ಎಂಬ ಪದದ ಅಳತೆಯನ್ನು ಸ್ವಲ್ಪಸ್ವಲ್ಪವಾಗಿ ಕಿರಿದು ಮಾಡುತ್ತ ಬಂದಂತೆ ಕಂಡಿತು. ವಿಮೆ ಪಡೆಯುವ ಆರೋಗ್ಯವಂತ ವಯಸ್ಕರು ತಿಂಗಳಿಗೆ 80 ಗಂಟೆ ದುಡಿಮೆಯನ್ನೋ ಅದಕ್ಕೆ ಸಮನಾದ ಬೇರೊಂದನ್ನೋ ತೋರಿಸಬೇಕು ಎಂಬ ಷರತ್ತನ್ನು ಅವರು ಆರಂಭದಿಂದಲೂ ಬೆಂಬಲಿಸಿದ್ದರು. ಅವರ ದೃಷ್ಟಿಯಲ್ಲಿ ಅದು ಕಡಿತವಲ್ಲ. ಕಾಂಗ್ರೆಸ್ಸಿನ ಬಜೆಟ್ ಕಚೇರಿಯ ಅಂದಾಜಿನಂತೆ ಈ ಕಾನೂನಿನಿಂದ 2034ರ ವೇಳೆಗೆ ವಿಮೆಯಿಲ್ಲದವರ ಸಂಖ್ಯೆ ಸುಮಾರು 1 ಕೋಟಿಯಷ್ಟು ಹೆಚ್ಚುತ್ತದೆ, ಅದರಲ್ಲಿ ದೊಡ್ಡ ಪಾಲು ಈ ದುಡಿಮೆಯ ಷರತ್ತಿನದೇ. ಕೆಲಸ ಮಾಡುತ್ತಿದ್ದರೂ ಕಾಗದಪತ್ರ ಸಲ್ಲಿಸಲಾಗದೆ ಪಟ್ಟಿಯಿಂದ ಹೊರಬಿದ್ದವನಿಗೆ ಅದನ್ನು ಕಡಿತ ಎಂದು ಕರೆಯಬಾರದು ಎಂದು ತಿಳಿಹೇಳುವುದು ಕಷ್ಟವೇ ಸರಿ.

ಹಾಲಿಯವರ ನಿಜವಾದ ಜಗಳ ಇದ್ದದ್ದು ಇನ್ನೊಂದು ಅಂಶದ ಮೇಲೆ, ಆಸ್ಪತ್ರೆಗಳ ಮೇಲೆ ರಾಜ್ಯಗಳು ಹಾಕುವ ‘ಪ್ರೊವೈಡರ್ ತೆರಿಗೆ’ಯ ಮೇಲೆ. ಇದು ಕೇಳಲು ವಿಚಿತ್ರವಾದರೂ ಮಿಸೌರಿಯ ಆಸ್ಪತ್ರೆಗಳು ಬಯಸಿ ಕೊಡುವ ತೆರಿಗೆ. ಅಲ್ಲಿ 1990ರ ದಶಕದ ಆರಂಭದಿಂದಲೂ ನಡೆದುಬಂದಿದೆ. ಆಸ್ಪತ್ರೆಯೊಂದು ರಾಜ್ಯಕ್ಕೆ 1 ಡಾಲರ್ ಕಟ್ಟುತ್ತದೆ ಎಂದುಕೊಳ್ಳಿ. ರಾಜ್ಯ ಅದನ್ನು ಮೆಡಿಕೇಡಿನಲ್ಲಿ ತನ್ನ ಪಾಲೆಂದು ತೋರಿಸುತ್ತದೆ. ಆ ರಾಜ್ಯದ ಸಾಮಾನ್ಯ ಮೆಡಿಕೇಡ್ ವೆಚ್ಚದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗವನ್ನು ಒಕ್ಕೂಟ ಸರ್ಕಾರ ಭರಿಸುವುದರಿಂದ, ಆ ಒಂದು ಡಾಲರಿನ ಜೊತೆಗೆ ವಾಷಿಂಗ್ಟನ್ನಿನಿಂದ ಸುಮಾರು 2 ಡಾಲರ್ ಬಂದು ಸೇರುತ್ತದೆ, ಮತ್ತು ಆ ಮೂರು ಡಾಲರ್ ರೋಗಿಗಳ ಚಿಕಿತ್ಸೆಯ ಲೆಕ್ಕದಲ್ಲಿ ಆಸ್ಪತ್ರೆಗಳಿಗೆ ಹಿಂತಿರುಗುತ್ತದೆ. ಇದೊಂದು ಲೆಕ್ಕದ ಕೈಚಳಕ ಎಂದು ವಿರೋಧಿಸುವವರ ವಾದದಲ್ಲೂ ಹುರುಳಿದೆ. ಆದರೆ ಹೆರಿಗೆ ವಿಭಾಗ ಮುಚ್ಚಬೇಕೋ ಉಳಿಸಿಕೊಳ್ಳಬೇಕೋ ಎಂದು ಕೈಬೆರಳಲ್ಲಿ ಎಣಿಸುತ್ತ ಕೂತಿರುವ ಗ್ರಾಮೀಣ ಆಸ್ಪತ್ರೆಗೆ ಆ ಕೈಚಳಕವೇ ಸಂಬಳದ ದುಡ್ಡು.

ಕೆಳಮನೆಯ ಮಸೂದೆ ಈ ತೆರಿಗೆಯನ್ನು ಇದ್ದಲ್ಲಿಯೇ ತಡೆಹಿಡಿದಿತ್ತು. ಸೆನೆಟಿನ ಕರಡು ಇನ್ನೂ ಮುಂದೆ ಹೋಗಿ, ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ಅದರ ಮಿತಿಯನ್ನು ಶೇಕಡ 6ರಿಂದ ಹಂತಹಂತವಾಗಿ 3.5ಕ್ಕೆ ಇಳಿಸಲು ಹೊರಟಿತು. ಹಾಲಿಯವರು ಬಹಿರಂಗವಾಗಿ ಸಿಡಿದೆದ್ದರು. ಕೊನೆಗೆ ಇಳಿಕೆಯ ಆರಂಭ ಒಂದು ವರ್ಷ ಮುಂದಕ್ಕೆ ಹೋಯಿತು. ಗ್ರಾಮೀಣ ಆಸ್ಪತ್ರೆಗಳಿಗೆಂದು 50 ಶತಕೋಟಿ ಡಾಲರಿನ ನಿಧಿಯೊಂದು ಸೇರಿತು. ಇಷ್ಟನ್ನು ತೋರಿಸಿ, ಮುಂದೂಡಿದ ಕಡಿತ ಎಂದೂ ಜಾರಿಯಾಗದಂತೆ ಹೋರಾಡುತ್ತೇನೆ ಎನ್ನುತ್ತ ಅವರು ಪರವಾಗಿ ನಿಂತರು. ಇಲ್ಲಿ ನನಗೆ ಅವರ ತರ್ಕ ಕೈಕೊಡುತ್ತದೆ. ಜಾರಿಯಾಗಬಾರದು ಎಂದು ತಾವೇ ಹೇಳುತ್ತಿರುವ ಕಲಮನ್ನು ಕಾನೂನಾಗಿಸಲು ತಾವೇ ಮತ ಕೊಟ್ಟು, ಅದನ್ನು ತಡೆಯುವ ಕೆಲಸವನ್ನು ಮುಂದಿನ ಕಾಂಗ್ರೆಸ್ಸುಗಳ ಹೆಗಲಿಗೆ ದಾಟಿಸಿದಂತಾಯಿತಲ್ಲವೇ?

ಅವರ ಪರವಾಗಿ ಹೇಳಬೇಕಾದ ಒಂದು ಮಾತಿದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಮೊದಲ ಅಣುಬಾಂಬಿನ ಯೋಜನೆಗಾಗಿ ಸೇಂಟ್ ಲೂಯಿಸ್‌ನಲ್ಲಿ ಯುರೇನಿಯಂ ಸಂಸ್ಕರಿಸಲಾಗಿತ್ತು. ಅದರ ವಿಕಿರಣಶೀಲ ತ್ಯಾಜ್ಯ ಕೋಲ್ಡ್‌ವಾಟರ್ ಕ್ರೀಕ್ ಎಂಬ ತೊರೆಗೆ ಸೇರಿ, ಅದರ ದಂಡೆಯ ಬಡಾವಣೆಗಳವರು ದಶಕಗಳ ಕಾಲ ಪರಿಹಾರಕ್ಕಾಗಿ ಕಾದಿದ್ದರು. ಆ ಪರಿಹಾರದ ಮಸೂದೆಯನ್ನು ಹಾಲಿಯವರು ಬಿಡದೆ ಬೆನ್ನುಹತ್ತಿದ್ದರು. 2024ರ ಮಾರ್ಚ್‌ನಲ್ಲಿ ಸೆನೆಟ್ ಅದನ್ನು 69–30ರಿಂದ ಒಪ್ಪಿದರೂ ಕೆಳಮನೆ ಕೈಗೆತ್ತಿಕೊಳ್ಳಲಿಲ್ಲ. ಅದು ಕೊನೆಗೆ ಕಾನೂನಾದದ್ದು ಇದೇ ಬೃಹತ್ ಮಸೂದೆಯ ಒಳಗೆ ಸೇರಿಕೊಂಡು. ಅಂದರೆ 372ನೇ ಪಟ್ಟಿಯ ಆ ಒಂದು ‘ಪರ’ದಲ್ಲಿ ತೊರೆಯ ದಂಡೆಯ ಕ್ಯಾನ್ಸರ್ ರೋಗಿಯ ಪರಿಹಾರವೂ ಇದೆ, ಹಳ್ಳಿಯ ಆಸ್ಪತ್ರೆಯ ನಷ್ಟವೂ ಇದೆ. ಪಟ್ಟಿಗೆ ಇವೆರಡನ್ನೂ ಬೇರ್ಪಡಿಸಿ ಹೇಳುವ ಬಾಯಿಲ್ಲ.

ಈ ಮೂಕತನವನ್ನು ದುರುಪಯೋಗಪಡಿಸಿಕೊಂಡವರೂ ಉಂಟು. 2003ರ ಅಕ್ಟೋಬರಿನಲ್ಲಿ ಇರಾಕ್ ಮತ್ತು ಆಫ್ಘಾನಿಸ್ತಾನಕ್ಕೆ 87 ಶತಕೋಟಿ ಡಾಲರ್ ಒದಗಿಸುವ ಪ್ರಶ್ನೆ ಬಂದಾಗ ಡೆಮಾಕ್ರಟಿಕ್ ಸೆನೆಟರ್ ಜಾನ್ ಕೆರಿ, ಶ್ರೀಮಂತರ ತೆರಿಗೆ ರಿಯಾಯಿತಿಯನ್ನು ಹಿಂಪಡೆದು ಆ ಹಣ ಹೊಂದಿಸುವ ತಿದ್ದುಪಡಿಯ ಪರ ಮತ ಹಾಕಿದರು. ಅದು ಸೋತ ಮೇಲೆ ಮೂಲ ಮಸೂದೆಯನ್ನು ವಿರೋಧಿಸಿದರು. ನಿಲುವು ನೇರವಾಗಿಯೇ ಇತ್ತು. ಆದರೆ 2004ರ ಮಾರ್ಚ್‌ನಲ್ಲಿ ಪಶ್ಚಿಮ ವರ್ಜೀನಿಯಾದ ಸಭೆಯೊಂದರಲ್ಲಿ, ವಿರೋಧವಾಗಿ ಮತ ಹಾಕುವ ಮೊದಲು ಪರವಾಗಿ ಹಾಕಿದ್ದೆ ಎಂಬರ್ಥದ ಒಂದೇ ವಾಕ್ಯದಲ್ಲಿ ಅದನ್ನು ಹೇಳಿ ಎಡವಿದರು, ಮತ್ತು ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ಜಾರ್ಜ್ ಬುಷ್ ಅವರ ಪ್ರಚಾರ ತಂಡ ಆ ವಾಕ್ಯವನ್ನು ಚುನಾವಣೆಯುದ್ದಕ್ಕೂ ಬಳಸಿಕೊಂಡಿತು. ಕೆರಿಯವರದು ಒಳ್ಳೆಯ ಮತ, ಕೆಟ್ಟ ವಾಕ್ಯ. ಹಾಲಿಯವರದು ಅದರ ತಿರುವುಮುರುವು ಎಂದು ನನಗನಿಸುತ್ತದೆ.

ಹಾಲಿಯವರಲ್ಲಿ ಇದು ಮೊದಲ ಸಲವೂ ಅಲ್ಲ. 2018ರಲ್ಲಿ ಮಿಸೌರಿಯ ಅಟಾರ್ನಿ ಜನರಲ್ ಆಗಿದ್ದಾಗ, ಒಬಾಮ ಕಾಲದ ಆರೋಗ್ಯ ಕಾನೂನನ್ನು ರದ್ದುಪಡಿಸಬೇಕೆಂದು ರಿಪಬ್ಲಿಕನ್ ರಾಜ್ಯಗಳು ಹೂಡಿದ ದಾವೆಗೆ ತಮ್ಮ ರಾಜ್ಯವನ್ನೂ ಸೇರಿಸಿದ್ದರು. ಅದೇ ವರ್ಷ ಸೆನೆಟ್ ಚುನಾವಣೆಗೆ ನಿಂತಾಗ, ಮೊದಲೇ ಇರುವ ಕಾಯಿಲೆಗಳಿಗೆ ವಿಮೆಯ ರಕ್ಷಣೆ ಬೇಕೆಂದು ತಮ್ಮ ಮಗನ ಕಾಯಿಲೆಯನ್ನು ಪ್ರಸ್ತಾಪಿಸಿ ಜಾಹೀರಾತು ಮಾಡಿದರು. ಆ ರಕ್ಷಣೆ ಇದ್ದದ್ದು ಅವರು ದಾವೆ ಹೂಡಿದ ಕಾನೂನಿನಲ್ಲಿಯೇ.

ಮಾತು ಮತ್ತು ಮತ ಒಂದೇ ಆದಾಗ ಏನಾಗುತ್ತದೆ ಎಂಬುದಕ್ಕೆ ಅದೇ ವಾರದ ಟಿಲಿಸ್ ಇದ್ದಾರೆ. ತಮ್ಮ ರಾಜ್ಯದ 6,63,000 ಜನರಿಗೆ ವಿಮೆ ತಪ್ಪುತ್ತದೆ ಎಂದು ಅವರು ಸದನದಲ್ಲಿ ಹೇಳಿದರು, ಅದರಂತೆ ವಿರೋಧಿಸಿದರು. ಟ್ರಂಪ್ ಅವರ ಸಿಟ್ಟಿನ ನಡುವೆ, ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದೂ ಆ ದಿನಗಳಲ್ಲೇ ಪ್ರಕಟಿಸಿದರು.

ಹಾಲಿಯವರು ಜುಲೈ 15ರಂದು, ಅಂದರೆ ಮತ ಹಾಕಿದ ಹದಿನಾಲ್ಕನೆಯ ದಿನ, ಪ್ರೊವೈಡರ್ ತೆರಿಗೆಯ ಇಳಿಕೆಯನ್ನು ರದ್ದುಮಾಡಿ ಗ್ರಾಮೀಣ ನಿಧಿಯನ್ನು ಇಮ್ಮಡಿಗೊಳಿಸುವ ಹೊಸ ಮಸೂದೆಯೊಂದನ್ನು ಮಂಡಿಸಿದರು. ಮಂಡನೆಗೆ ಯಾರ ಒಪ್ಪಿಗೆಯೂ ಬೇಕಿಲ್ಲ, ಬಹುಪಾಲು ಮಸೂದೆಗಳು ಸಮಿತಿಯ ಮೇಜಿನ ಮೇಲೆಯೇ ಕೊನೆಯುಸಿರೆಳೆಯುತ್ತವೆ. ಹಾಗಾಗಿ ನಾನು ಅದನ್ನು ಮತದ ಕಾಲಮ್ಮಿನಲ್ಲಿ ಬರೆಯದೆ ಹೇಳಿಕೆಗಳ ಕಾಲಮ್ಮಿನಲ್ಲಿ ಬರೆದುಕೊಂಡಿದ್ದೇನೆ. ದುಡಿಮೆಯ ಷರತ್ತು ಜಾರಿಯಾಗಲು ಕಾನೂನು ಕೊಟ್ಟ ಗಡುವು 2027ರ ಜನವರಿ 1, ಮಧ್ಯಾವಧಿ ಚುನಾವಣೆ ಮುಗಿದ ಮೇಲೆ. ತೆರಿಗೆಯ ಮಿತಿ 2028ರ ಹಣಕಾಸು ವರ್ಷದಿಂದ ಪ್ರತಿ ವರ್ಷ ಅರ್ಧ ಅರ್ಧ ಶೇಕಡ ಇಳಿಯುತ್ತ 2032ರಲ್ಲಿ 3.5ಕ್ಕೆ ಬಂದು ನಿಲ್ಲುತ್ತದೆ. 2024ರಲ್ಲಿ ಮರು ಆಯ್ಕೆಯಾದ ಹಾಲಿಯವರ ಸ್ಥಾನ ಮತ್ತೆ ಮತದಾರರ ಮುಂದೆ ಬರುವುದು 2030ರ ನವೆಂಬರಿನಲ್ಲಿ.